ಪರೀಕ್ಷೆಯ ಬಾಟಲಿಗೆ ನಿಂಬೆಹೋಳು

ಲೊರೆಟಾ: ನಿಂಬೆಹೋಳು ಹಾಕಿದ್ರೆ ಏನೀಗ? ಹೊರಗಿನವರ ಕೈಗೆ ಕೊಡೋ ನೀರು ಅದು.

ನಾನು: ಲೇ, ಅವರೇನು ಅದನ್ನ ಕುಡೀತಾರಾ? ಅದು ಪರೀಕ್ಷೆಗೆ ಹೋಗೋದು.

ಲೊರೆಟಾ: ಪರೀಕ್ಷೆಗೆ ಹೋಗೋರು ಸ್ನಾನ ಮಾಡಿ ಹೋಗಲ್ವಾ?

ಇವಳು ನನ್ನ ಹೆಂಡತಿ. ನಮ್ಮೂರು ಕ್ಯಾಲಿಫೋರ್ನಿಯಾದ ಮರಳುಗಾಡಿನ ಅಂಚಿನಲ್ಲಿದೆ. ಲೋಹಕ್ಕೆ ಮೆರುಗು ಹಾಕುವ ಕಾರ್ಖಾನೆಯ ಕ್ರೋಮಿಯಂ ನೆಲಕ್ಕಿಳಿದು ನಮ್ಮ ನಲ್ಲಿಗೆ ಬಂದಿದೆಯಂತೆ. ಕುಡಿದರೆ ಕ್ಯಾನ್ಸರ್ ಅಂತೆ. ನಲ್ಲಿ ನೀರು ತುಂಬಿಡಿ, ಪರೀಕ್ಷಿಸುತ್ತೇವೆ ಎಂದು ಲ್ಯಾಬಿನವರು ಬಾಟಲಿ ಕೊಟ್ಟು ಹೋಗಿದ್ದರು. ನೀರಿನ ವಿಷಯ ತೀರ್ಮಾನವಾಗದೆ ಮಗುವನ್ನು ಕರೆತರುವುದಿಲ್ಲ ಎಂದು ಮಗಳು ಕೋಲೀನ್ ಹಟ ಹಿಡಿದಿದ್ದಾಳೆ. ಮೊಮ್ಮಗಳನ್ನು ನಾವು ಫೋನಿನಲ್ಲಿ ಮಾತ್ರ ಕಂಡಿದ್ದೇವೆ.

ಲೊರೆಟಾ: ನೀರು ಚೊಕ್ಕ ಅಂತ ಬಂದ್ರೆ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಗು ಬರುತ್ತೆ. ಅದಕ್ಕೇ ಅಂಗಡಿ ನೀರು ತುಂಬಿಟ್ಟೆ.

ನಾನು: ಅಂಗಡಿ ನೀರಾ? ಆ ಕಾರ್ಖಾನೆ ಕಳ್ಳರನ್ನ ಹಿಡಿಯೋಕೆ ಇದ್ದದ್ದು ಇದೊಂದು ಸಾಕ್ಷಿ. ಅದನ್ನೂ ಹಾಳು ಮಾಡಿದೆಯಲ್ಲೇ.

ಲೊರೆಟಾ: ಬಾಟಲಿ ತಳದಲ್ಲಿ ಬಿಳಿ ಪುಡಿ ಬೇರೆ ಅಂಟಿತ್ತು. ಸೋಪು ಹಾಕಿ ಉಜ್ಜಿದೆ. ಲ್ಯಾಬಿನವರಿಗೆ ಪಾತ್ರೆ ತೊಳೆಯೋಕೂ ಬರಲ್ಲ.

ಅಷ್ಟರಲ್ಲಿ ಬಾಟಲಿ ಒಯ್ಯಲು ಲ್ಯಾಬಿನ ಯೊಲಾಂಡಾ ಬಂದೇಬಿಟ್ಟಳು. ಬಾಟಲಿಯನ್ನು ಬೆಳಕಿಗೆ ಹಿಡಿದಳು.

ಯೊಲಾಂಡಾ: ಇದರಲ್ಲಿ ಏನೋ ಬೀಜ ತೇಲ್ತಿದೆ.

ನಾನು: ಅದೇ ಇರಬೇಕು ಕ್ರೋಮಿಯಂ. ಬರ್ಕೊಳ್ಳಿ.

ಯೊಲಾಂಡಾ: ಪುಡಿ ಎಲ್ಲಿ ಹೋಯ್ತು? ನೀರು ಕೆಡಬಾರದು ಅಂತ ನಾವೇ ಹಾಕಿ ಕೊಟ್ಟಿದ್ವಿ.

ಲೊರೆಟಾ: ಅಯ್ಯೋ, ನಾನು ಕೊಳೆ ಅಂದ್ಕೊಂಡೆ.

ಯೊಲಾಂಡಾ ಹೊಸ ಬಾಟಲಿ ತೆಗೆದು, ನಮ್ಮ ನಲ್ಲಿಯನ್ನು ತಾನೇ ತಿರುಗಿಸಿ ನೀರು ಹರಿಯಬಿಟ್ಟು ತುಂಬಿಕೊಂಡಳು.

ಲೊರೆಟಾ: ಮೇಡಂ, ಕೆಟ್ಟದು ಅಂತ ಬಂದ್ರೆ?

ಯೊಲಾಂಡಾ: ಹೊಸ ಪೈಪು ಹಾಕೋವರೆಗೂ ಕಾರ್ಖಾನೆಯವರೇ ನಿಮ್ಮ ಬಾಗಿಲಿಗೆ ಲಾರೀಲಿ ಒಳ್ಳೆ ನೀರು ತಂದು ಇಳಿಸಬೇಕು. ನೀರು ಕೆಟ್ಟ ಮನೆಗೆಲ್ಲ ಹಾಗೆ ಮಾಡಿ ಅಂತ ಕೋರ್ಟು ಹೇಳಿದೆ. ಕುಡಿಯೋಕೆ, ಅಡುಗೆಗೆ, ಮಗು ಹಾಲು ಕಲಸೋಕೆ, ಎಲ್ಲಕ್ಕೂ.

ಲೊರೆಟಾ: ಹಾಗಾದ್ರೆ ಕೋಲೀನ್ ಇನ್ನೇನು ಹೇಳ್ತಾಳೆ? ದೇವರೇ, ಕೆಟ್ಟದು ಅಂತಾನೇ ಬರಲಪ್ಪ.

ನನಗೆ ಪಿತ್ತ ನೆತ್ತಿಗೇರಿತು.

ನಾನು: ಆ ಕಳ್ಳರ ನೀರು ನನ್ನ ಮನೆಯೊಳಗೆ ಬರಕೂಡದು. ನಮ್ಮಪ್ಪ ಇದೇ ನಲ್ಲಿಗೆ ಬಾಯಿಟ್ಟು ಕುಡೀತಿದ್ದ. ನಮ್ಮೂರ ನೀರಿಗೇನು ಧಾಡಿ?

ಲೊರೆಟಾ: ಬೆಳಿಗ್ಗೆಯಿಂದ ವಿಷ ವಿಷ ಅಂತ ಕೂಗಾಡ್ತಿದ್ದೋನು ಯಾರು?

ನಾನು: ವಿಷ ಆದ್ರೂ ನಮ್ದು.

ಲೊರೆಟಾ ಅದೇ ನಲ್ಲಿಯಿಂದ ಲೋಟದ ತುಂಬ ನೀರು ಹಿಡಿದು ನನ್ನ ಮುಂದೆ ಕುಕ್ಕಿದಳು.

ಲೊರೆಟಾ: ತಗೋ, ನಿನ್ನದೇ. ಮೊಮ್ಮಗಳಿಗೆ ಕೊಡೋ ಮುಂಚೆ ತಾತ ಕುಡಿದು ತೋರಿಸಲಿ.

ಲೋಟವನ್ನು ನೋಡಿದೆ. ಇಬ್ಬರೂ ನನ್ನನ್ನೇ ನೋಡುತ್ತಿದ್ದರು.

ನಾನು: ಮೇಡಂ, ಆ ಕಾರ್ಖಾನೆ ಲಾರಿ ಎಷ್ಟು ಹೊತ್ತಿಗೆ ಬರುತ್ತೆ ಅಂದ್ರಿ?