ಟೆಂಚ್ ಸಾಹೇಬರು ಜೈಲಿಗೆ ಹಾಕದ ಮನುಷ್ಯ

ಎಡವಟ್ಟಾದದ್ದು ಪಕ್ಕದ ಮನೆಯ ಮಿಸೆಸ್ ಪಿಂಚ್‌ಬೆಕ್ ಅವರ ಉತ್ಸಾಹದಿಂದ. ಆಫ್ರಿಕಾದ ಕಂಬೋಲೆ ಕಡೆಯ ಮಂತ್ರಿಯೊಬ್ಬ ಇಂಗ್ಲೆಂಡಿನ ಈ ಬೆಕ್ಸ್‌ಹಿಲ್ ಊರಿನ ಸಮುದ್ರದಂಡೆಯ ಹೋಟೆಲಿನಲ್ಲಿ ಇಳಿದಿದ್ದಾನೆಂದು ತಿಳಿದದ್ದೇ ತಡ, ನಿಮ್ಮ ಹಳೆಯ ಜಿಲ್ಲಾಧಿಕಾರಿ ಇಲ್ಲೇ ಇದ್ದಾರೆ, ಸಂಜೆ ಚಹಾಕ್ಕೆ ಬನ್ನಿ ಎಂದು ಆಕೆ ಹೇಳಿಕಳಿಸಿಬಿಟ್ಟರು. ಹರ್ಬರ್ಟ್ ಟೆಂಚ್ ಸಾಹೇಬರಿಗೆ ಸುದ್ದಿ ಮುಟ್ಟಿದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಮಂತ್ರಿಯ ಹೆಸರು ಜೊನಾಸ್ ಮ್ವಾಲೆ ಎಂದು ಕೇಳಿ ಬಾಯಿಗೆ ಒಯ್ಯುತ್ತಿದ್ದ ಮೊಟ್ಟೆಯನ್ನು ತಟ್ಟೆಗೇ ಇಟ್ಟರು.

ಬ್ರಿಟಿಷರ ಕಾಲದಲ್ಲಿ ಇಪ್ಪತ್ತಾರು ವರ್ಷ ಕಂಬೋಲೆ ಜಿಲ್ಲೆಯನ್ನು ಆಳಿ, ಹೆಂಡತಿಯನ್ನು ಅಲ್ಲಿಯ ಮಣ್ಣಿಗೆ ಕೊಟ್ಟು, ಮಲೇರಿಯಾ ಹೊತ್ತುಕೊಂಡು ಊರಿಗೆ ಮರಳಿದರೆ ಇಲ್ಲಿ ಅವರು ಯಾರಿಗೂ ಬೇಕಾಗಿರಲಿಲ್ಲ. ನಿರಪರಾಧಿಯನ್ನು ಒಮ್ಮೆಯೂ ಜೈಲಿಗೆ ಹಾಕಲಿಲ್ಲವೆಂಬ ಹೆಮ್ಮೆಯೊಂದೇ ಉಳಿದಿತ್ತು. ಆಗೊಮ್ಮೆ ಈ ಮ್ವಾಲೆ ಸರ್ಕಾರದ ಬಾವುಟ ಸುಟ್ಟನೆಂದು ಪೊಲೀಸರು ಎಳೆತಂದಿದ್ದರು, ಸಾಕ್ಷಿ ಇರಲಿಲ್ಲ. ಆಮೇಲೆ ಅವನನ್ನು ಬಿಟ್ಟರೋ ಜೈಲಿಗೆ ಹಾಕಿದರೋ ಎಂಬುದು ಮಾತ್ರ ಅವರಿಗೆ ನೆನಪಾಗಲೊಲ್ಲದು.

ಪಾದ್ರಿಗಳು ಬಂದು ಕ್ಷಮೆ ಕೇಳಿಬಿಡಿ ಎಂದರು. ಎದುರುಮನೆಯ ಕರ್ನಲ್ ಬಂದು, ತಲೆ ತಗ್ಗಿಸಬೇಡಿ, ಹಳೆಯ ಸಮವಸ್ತ್ರ ಹಾಕಿಕೊಳ್ಳಿ ಎಂದ. ಹಾಕಿಕೊಂಡರೆ ಗುಂಡಿಯೆರಡು ಹಾರಿ, ಸಾಹೇಬರು ಹಗ್ಗ ಬಿಗಿದ ಹಾಸಿಗೆಯ ಸುರುಳಿಯಂತೆ ಕಂಡರು. ಅಷ್ಟರಲ್ಲಿ ಮಿಸೆಸ್ ಪಿಂಚ್‌ಬೆಕ್ ಊರಿನ ಪತ್ರಿಕೆಯವನನ್ನೂ ಕರೆದಾಗಿತ್ತು.

ಸಂಜೆ ಮಿಸೆಸ್ ಪಿಂಚ್‌ಬೆಕ್ ಮನೆಗೆ ಬಂದ ಮಂತ್ರಿ ಮೊದಲು ಮಾಡಿದ ಕೆಲಸವೆಂದರೆ ಸಾಹೇಬರನ್ನು ಕೋಟು ನೇತುಹಾಕುವ ಮೂಲೆಗೆ ಕರೆದೊಯ್ದದ್ದು.

"ನೀವು ನನ್ನನ್ನ ಜೈಲಿಗೆ ಹಾಕ್ಲಿಲ್ಲ ಸಾಹೇಬ್ರೇ."

ಟೆಂಚ್ ಅವರ ಕಣ್ಣು ತುಂಬಿ ಬಂತು.

"ಅದೇ ನನ್ನ ಕಷ್ಟ," ಎಂದ ಮ್ವಾಲೆ. "ಬೈದು, ಬಸ್ಸಿಗೆ ಕಾಸು ಕೊಟ್ಟು ಮನೆಗೆ ಕಳಿಸಿದ್ರಿ. ಈಗ ನನ್ನೆದುರು ಚುನಾವಣೆಗೆ ನಿಂತಿರೋನು ನಿಮ್ಮವರ ಜೈಲಲ್ಲಿ ವರ್ಷಗಟ್ಲೆ ಕೊಳೆತೋನು. ಜೈಲು ಕಾಣದೋನಿಗೆ ನಮ್ಮಲ್ಲಿ ಯಾರು ವೋಟು ಹಾಕ್ತಾರೆ? ಒಳಗೆ ಪೇಪರಿನವನಿದ್ದಾನೆ. ಹಾಕಿದ್ದೆ ಅಂತ ಒಂದು ಮಾತು ಹೇಳಿಬಿಡಿ."

"ಆಗಲ್ಲಪ್ಪ. ನನ್ನ ಹತ್ರ ಉಳಿದಿರೋದು ಅದೊಂದೇ."

ಮ್ವಾಲೆ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದ. "ಅಷ್ಟು ವರ್ಷ ಆಳಿದೋರಿಗೆ ಇಷ್ಟೇನಾ ಉಳಿದಿದ್ದು?"

ಒಳಗೆ ಹೋದವನೇ ಅಂಗಿಯ ತೋಳು ಮಡಿಸಿ ಯಾವುದೋ ಹಳೆಯ ಗಾಯದ ಕಲೆ ತೋರಿಸಿ, ಕಂಬೋಲೆ ಜೈಲಿನ ಕತ್ತಲೆಕೋಣೆಯ ಕತೆ ಶುರುಮಾಡಿದ. ಚಹಾಕ್ಕೆ ಬಂದಿದ್ದ ಹೆಂಗಸರು ಕರವಸ್ತ್ರ ತೆಗೆದರು. ಸುಳ್ಳು, ಸುಳ್ಳು ಎಂದು ಸಾಹೇಬರು ತೊದಲಿದರು. ಅಧಿಕಾರಿ ಈಗಲೂ ಒಪ್ಪುತ್ತಿಲ್ಲ ಎಂದು ಪತ್ರಿಕೆಯವನು ಬರೆದುಕೊಂಡ. ಮ್ವಾಲೆ ಎದ್ದು ಎಲ್ಲರೆದುರು ಅವರನ್ನು ಕ್ಷಮಿಸಿ ತಬ್ಬಿಕೊಂಡ, ಕ್ಯಾಮೆರಾ ಮಿಂಚಿತು.

ಮಂತ್ರಿಯ ಕಾರು ಹೊರಟ ಮೇಲೆ ಕರ್ನಲ್ ಮೊದಲ ಬಾರಿಗೆ ಸಾಹೇಬರಿಗೆ ಸೆಲ್ಯೂಟ್ ಹೊಡೆದ. ಮಿಸೆಸ್ ಪಿಂಚ್‌ಬೆಕ್ ಕೇಕಿನ ದೊಡ್ಡ ತುಂಡನ್ನು ಅವರ ತಟ್ಟೆಗೇ ಹಾಕಿದರು.

"ನಿಮ್ಮನ್ನ ಬರೀ ಸಪ್ಪೆ ಅಂದ್ಕೊಂಡಿದ್ದೆ ಮಿಸ್ಟರ್ ಟೆಂಚ್. ಚಾಟಿ ಏಟೂ ಹೊಡೆಸ್ತಿದ್ರಾ? ಗುರುವಾರ ನಮ್ಮ ಮಹಿಳಾ ಮಂಡಳಿಗೆ ಬಂದು ಎಲ್ಲಾ ಹೇಳ್ಬೇಕು."

ಇಲ್ಲ ಎನ್ನಲು ಟೆಂಚ್ ಸಾಹೇಬರು ಬಾಯಿ ತೆರೆದರು. ಕೋಣೆಯಲ್ಲಿದ್ದವರೆಲ್ಲ ಅವರ ಮಾತಿಗಾಗಿ ಮುಂದಕ್ಕೆ ಬಾಗಿ ಕೂತಿದ್ದರು. ಈ ಊರಿಗೆ ಬಂದಮೇಲೆ ಯಾರೂ ಹಾಗೆ ಕೂತದ್ದಿರಲಿಲ್ಲ.

"ಗುರುವಾರ ಎಷ್ಟು ಹೊತ್ತಿಗೆ?" ಎಂದು ಕೇಳಿದರು.