ದ್ರಾಕ್ಷಿ ಸಭೆಯಲ್ಲಿ ನಾನು ನುಂಗಿದ ಮಾತು

ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವವನನ್ನು ಯಾರೂ ಅನುಮಾನಿಸುವುದಿಲ್ಲ. ಹಾಲು ಹಾಕುವವನನ್ನು ಅನುಮಾನಿಸುತ್ತಾರೆ, ತಕ್ಕಡಿ ಹಿಡಿದವನನ್ನಂತೂ ಅವನು ಹುಟ್ಟುವ ಮೊದಲೇ ಅನುಮಾನಿಸಿರುತ್ತಾರೆ. ಆದರೆ ಸಾಹೇಬರ ಪಕ್ಕದಲ್ಲಿ ನಿಂತು ‘ಸಾಹೇಬರು ಏನಂತಾರೆ ಅಂದ್ರೆ’ ಎಂದು ಶುರುಮಾಡುವವನ ಬಾಯಿಗೆ ಎಷ್ಟು ಹೋಯಿತು, ಎಷ್ಟು ಹೊರಗೆ ಬಂತು ಎಂದು ಯಾರೂ ತೂಗುವುದಿಲ್ಲ. ನಾನು ಹಲವು ವರ್ಷ ಬೆಂಗಳೂರಿನ ಗಾರ್ಮೆಂಟಿನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದು ಇದೇ ನಂಬಿಕೆಯ ಮೇಲೆ. ಹೊರದೇಶದ ಗಿರಾಕಿಯ ಕಡೆಯವರು ಬಂದು ಇಂಗ್ಲಿಷಿನಲ್ಲಿ ಕಾಲು ಗಂಟೆ ಕೂಗಾಡುತ್ತಿದ್ದರು. ನಾನು ಹೊಲಿಗೆಯ ಹೆಣ್ಣುಮಕ್ಕಳ ಕಡೆ ತಿರುಗಿ “ಕಾಲರ್ ಸ್ವಲ್ಪ ನೋಡ್ಕೊಳ್ರಮ್ಮ” ಎನ್ನುತ್ತಿದ್ದೆ. “ಅಷ್ಟೊತ್ತು ಕೂಗಿದ್ದು ಇಷ್ಟಕ್ಕೇನಾ ಸಾರ್?” ಎಂದು ಅವರು ಕೇಳಿದರೆ, “ಇಂಗ್ಲಿಷಲ್ಲಿ ಎಲ್ಲಾ ಉದ್ದ ಆಗ್ತದೆ” ಎನ್ನುತ್ತಿದ್ದೆ. ಇದನ್ನು ನಾನು ಒಂದು ಕಲೆ ಎಂದೇ ತಿಳಿದಿದ್ದೆ. ಈಗ ಗಡಿ ದಾಟಿ ತೆಲುಗು ಸೀಮೆಯ ನಮ್ಮ ರಾಯದುರ್ಗಕ್ಕೆ ವಾಪಸಾಗಿ, ಹೆಂಡತಿಯ ಜೊತೆ ಮನೆಯಲ್ಲೇ ಎರಡು ಮಿಷನ್ ಹಾಕಿಕೊಂಡು ಜೀನ್ಸ್ ಹೊಲಿಯುತ್ತಿದ್ದೇನೆ. ಕಲೆ ಮಾತ್ರ ನನ್ನ ಜೊತೆಗೇ ಬಂದುಬಿಟ್ಟಿತು.

ಮಡಕಶಿರದ ಹತ್ತಿರದ ಒಂದು ಹಳ್ಳಿಯಲ್ಲಿ ನನ್ನ ಸೋದರತ್ತೆ ಸಿದ್ದಮ್ಮ ಇದ್ದಾಳೆ. ಮನೆಯಲ್ಲಿ ಆಡುವುದು ಕನ್ನಡ, ಶಾಲೆಯಲ್ಲಿ ಕಲಿತದ್ದು ತೆಲುಗು. ಕ್ಯಾಲೆಂಡರು, ಬಸ್ಸಿನ ಬೋರ್ಡು, ಪುರಾಣ ಎಲ್ಲವನ್ನೂ ತೆಲುಗಿನಲ್ಲೇ ಓದುತ್ತಾಳೆ. ಕಡಲೆಕಾಯಿ ಕಿತ್ತು ಮುಗಿದ ಮೇಲೂ ಒಬ್ಬಳೇ ಹೊಲಕ್ಕೆ ಹೋಗಿ ಮಣ್ಣಿನಲ್ಲಿ ಉಳಿದ ಕಾಯಿಯನ್ನು ಒಂದೊಂದಾಗಿ ಹೆಕ್ಕಿ ಮಡಿಲು ತುಂಬಿಸಿಕೊಂಡು ಬರುವ ಹೆಂಗಸು. ಇಂಥವಳು ಕೊಳವೆಬಾವಿಯ ಪಕ್ಕದ ಒಂದು ಎಕರೆಯಲ್ಲಿ, ಗಡಿಯಾಚೆ ಕರ್ನಾಟಕದ ಕಂಪನಿಯೊಂದು ಕೊಟ್ಟ ಸಸಿ ನೆಟ್ಟು, ವೈನಿನ ದ್ರಾಕ್ಷಿ ಬೆಳೆಸಿದಳು. ಲಿಂಗಪೂಜೆಯ ಮನೆತನದವಳು, ವೈನು ಹಾಗಿರಲಿ, ಟೀಯನ್ನೇ ಅನುಮಾನದಿಂದ ಕುಡಿಯುವವಳು. “ಏನತ್ತೆ ಇದು?” ಎಂದೆ. “ನೀನು ಒಲ್ದಿರೋ ಪ್ಯಾಂಟ್ ಆಕ್ಕೊಂಡು ಯಾರು ಎಲ್ಲಿ ಓಗಿ ಕೂರ್ತಾರೆ ಅಂತ ನೀನು ಕೇಳ್ತೀಯೇನಪ್ಪಾ?” ಎಂದಳು.

ಉತ್ತರವಿಲ್ಲದಾಗ ನಾನು ಉಪನ್ಯಾಸ ಶುರುಮಾಡುತ್ತೇನೆ. ಅತ್ತೆಯ ಜಗಲಿಯ ಮೇಲೆ ಕೂತು ನಮ್ಮ ದೇಶದ ವೈನಿನ ವ್ಯಾಪಾರವನ್ನೆಲ್ಲ ವಿವರಿಸಿದೆ. ಒಂದು ಬಾಟಲಿಯ ಬೆಲೆಯಲ್ಲಿ ಗಾಜಿಗಿಷ್ಟು, ಮುಚ್ಚಳಕ್ಕಿಷ್ಟು, ಮೇಲಿನ ಚೀಟಿಗಿಷ್ಟು, ಅಂಗಡಿಯವನಿಗಿಷ್ಟು, ಎಲ್ಲರಿಗಿಂತ ಜಾಸ್ತಿ ಸರ್ಕಾರಕ್ಕೆ. ಕೊನೆಗೆ ಬಾಟಲಿಯ ತಳದಲ್ಲಿ ಉಳಿಯುವ ಗಸಿಯಷ್ಟು ದ್ರಾಕ್ಷಿ ಬೆಳೆದವರಿಗೆ. ಜೀನ್ಸಿನಲ್ಲೂ ಹೀಗೆಯೇ. ನಮ್ಮ ಈ ಮೂಲೆಯಲ್ಲಂತೂ ಯಾವ ಕಡೆ ನಡೆದರೂ ಸ್ವಲ್ಪ ಹೊತ್ತಿಗೆ ಕರ್ನಾಟಕ ಸಿಗುತ್ತದೆ. ಹಣ್ಣಾಗಿದ್ದಾಗ ದ್ರಾಕ್ಷಿ ಆ ಗಡಿಯನ್ನು ನೆಂಟರ ಮನೆಗೆ ಹೋದಂತೆ ದಾಟುತ್ತದೆ; ವೈನಾಗಿ ಮರಳಿ ಬರಬೇಕೆಂದರೆ ಪರದೇಶದವನ ಹಾಗೆ ಕಾಗದ ತೋರಿಸಿ ಮತ್ತೆ ತೆರಿಗೆ ಕಟ್ಟಬೇಕು. ಅತ್ತೆ ಎಲ್ಲ ಕೇಳಿ, “ಎಷ್ಟು ತಿಳ್ಕೊಂಡಿದ್ದೀಯಪ್ಪಾ!” ಎಂದಳು. ಆ ಮಾತೇ ನನ್ನನ್ನು ಕೆಡಿಸಿತು. ಬಳ್ಳಿ ಮೊದಲ ಫಸಲಿಗೆ ಬಂದಾಗ, ರೈತರಿಗೆ ತಿಳಿವಳಿಕೆ ಕೊಡಲು ಕಂಪನಿಯ ಸಾಹೇಬರು ಬರುತ್ತಾರೆ, ಅವರಿಗೆ ಇಂಗ್ಲಿಷು, ಮರಾಠಿ ಬಿಟ್ಟರೆ ಏನೂ ಬರುವುದಿಲ್ಲ ಎಂದು ತಿಳಿದಾಗ ಅತ್ತೆ ಊರಿಗೆಲ್ಲ ಹೇಳಿದಳಂತೆ: “ನಮ್ಮುಡುಗ ಅವ್ನೆ.”

ಸಭೆ ನಡೆದದ್ದು ಊರಿನ ಹಾಲಿನ ಡೇರಿಯ ಮುಂದೆ. ದಪ್ಪ ಮೀಸೆಯ ಸಾಹೇಬರು ಒಂದೊಂದೇ ಹೇಳಿದರು, ನಾನು ಒಂದೊಂದೇ ದಾಟಿಸಿದೆ. ನೀರು ಹೀಗೆ, ಔಷಧಿ ಹಾಗೆ. ಆಮೇಲೆ ಅವರು ಒಂದು ಮಾತು ಹೇಳಿದರು. ಕಾಯಿ ಕಾಳುಮೆಣಸಿನಷ್ಟಿದ್ದಾಗ ಅರ್ಧ ಗೊಂಚಲುಗಳನ್ನು ಕತ್ತರಿಸಿ ನೆಲಕ್ಕೆ ಹಾಕಬೇಕು. ಬಳ್ಳಿಯಲ್ಲಿರುವ ಸಿಹಿ ಇಷ್ಟೇ, ಎಲ್ಲ ಗೊಂಚಲಿಗೂ ಹಂಚಿದರೆ ಯಾವುದಕ್ಕೂ ಸಾಲುವುದಿಲ್ಲ. ಸಿಹಿ ಸಾಲದಿದ್ದರೆ ಕಂಪನಿ ಕೊಳ್ಳುವುದಿಲ್ಲ.

ಆ ಮಾತನ್ನು ನಾನು ಹೇಳಲಿಲ್ಲ.

ಯಾಕೆ ಎಂಬುದಕ್ಕೆ ನನ್ನ ನೆನಪು ಬಹಳ ದಿನ ಒಂದು ಅಚ್ಚುಕಟ್ಟಾದ ಕಾರಣ ಇಟ್ಟುಕೊಂಡಿತ್ತು. ಸಾಹೇಬರು ಅದನ್ನು ಹೇಳುವಾಗ ಪಾವಗಡದ ಬಸ್ಸು ಹಾರ್ನ್ ಹಾಕಿತು, ನನಗೆ ಕೇಳಿಸಲಿಲ್ಲ. ಹಾರ್ನಿನ ಶಬ್ದ ಇವತ್ತಿಗೂ ಕಿವಿಯಲ್ಲಿದೆ, ಬಸ್ಸಿನ ಬಣ್ಣವನ್ನೂ ಹೇಳಬಲ್ಲೆ. ನನ್ನ ಹೆಂಡತಿಗೆ ಹಾಗೆಯೇ ಹೇಳಿದೆ. ಅವಳು ಮಿಷನ್ನಿನಿಂದ ತಲೆ ಎತ್ತದೆಯೇ, “ಆ ಡೇರಿ ಓಣ್ಯಾಗ ಸೈಕಲ್ಲು ಹೋಗೋದ ಕಷ್ಟ. ಬಸ್ಸು ಎಲ್ಲಿಂದ ಬಂತ್ರಿ?” ಎಂದಳು. ಬಸ್ಸು ಅಲ್ಲಿಂದ ಆಚೆ ನನ್ನ ನೆನಪಿನಲ್ಲಿ ಸ್ವಲ್ಪ ದೂರ ಹೋಗಿ ನಿಂತಿದೆ, ಪೂರ್ತಿ ಹೋಗಿಲ್ಲ. ಬಸ್ಸನ್ನು ಬಿಟ್ಟರೆ ಉಳಿಯುವುದು ಇಷ್ಟು. ನನಗೆ ಕೇಳಿಸಿತ್ತು. ಅರ್ಥವೂ ಆಗಿತ್ತು. ಎದುರಿಗೆ ನೆಲದ ಮೇಲೆ ಕೂತಿದ್ದ ಅತ್ತೆಯನ್ನು ನೋಡಿದೆ. ಬಿದ್ದ ಕಡಲೆಕಾಯಿ ಹೆಕ್ಕುವವಳಿಗೆ ಅರ್ಧ ಬೆಳೆ ಕತ್ತರಿಸಿ ಬಿಸಾಕು ಎಂದರೆ ಇಡೀ ಸಭೆ ನಗುತ್ತದೆ, ಪಕ್ಕದಲ್ಲಿ ನಿಂತ ನನ್ನನ್ನೂ ಸೇರಿಸಿ ನಗುತ್ತದೆ ಎನ್ನಿಸಿತು. ಇದು ಸಾಹೇಬರ ಹುಚ್ಚು ಎಂದು ನಾನೇ ತೀರ್ಮಾನಿಸಿ, “ಗೊಂಚಲು ಚೆನ್ನಾಗಿ ನೋಡ್ಕೊಳ್ಬೇಕಂತೆ” ಎಂದೆ. ಕಾಲರ್ ನೋಡ್ಕೊಳ್ರಮ್ಮ ಎಂದ ಹಾಗೆಯೇ.

ಅತ್ತೆ ಚೆನ್ನಾಗಿಯೇ ನೋಡಿಕೊಂಡಳು. ಒಂದು ಗೊಂಚಲೂ ಬೀಳಲು ಬಿಡಲಿಲ್ಲ. ಬಳ್ಳಿ ಭಾರಕ್ಕೆ ಬಾಗಿತು; ನೋಡಿದವರ ಕಣ್ಣು ತಾಗುತ್ತದೆಂದು ಹಳೆಯ ಚಪ್ಪಲಿಯನ್ನೂ ಕಟ್ಟಿದಳು. ಕೊಯ್ಲಿನ ಹೊತ್ತಿಗೆ ಸಾಹೇಬರು ಬಂದು, ಸಿಹಿ ಅಳೆಯುವ ಗೇಣುದ್ದದ ಒಂದು ಕೊಳವೆಯ ತುದಿಗೆ ಹಣ್ಣಿನ ರಸ ಬಿಟ್ಟು, ಸೂರ್ಯನ ಕಡೆ ಹಿಡಿದು ಒಂದು ಕಣ್ಣಿನಲ್ಲಿ ನೋಡಿದರು. ತಲೆ ಅಲ್ಲಾಡಿಸಿದರು. ಇನ್ನೊಂದು ಸಾಲಿಗೆ ಹೋಗಿ ನೋಡಿದರು, ಮತ್ತೆ ಅಲ್ಲಾಡಿಸಿದರು. “ಇಲ್ಲಿ ಕೊಡಪ್ಪಾ” ಎಂದು ಅತ್ತೆಯೂ ನೋಡಿದಳು. “ನೀಲಿ ಕಾಣ್ತದೆ. ಸಿಹಿ ಎಲ್ಲದೆ ಇದ್ರಾಗೆ?” ಎಂದಳು. ಸಿಹಿ ಇರಲಿಲ್ಲ. ಲಾರಿ ಖಾಲಿಯಾಗಿಯೇ ಹೊರಟಿತು.

ನಾನು ಅಷ್ಟಕ್ಕೆ ಹೆದರಲಿಲ್ಲ ಎಂಬುದು ಈಗ ಇನ್ನಷ್ಟು ನಾಚಿಕೆಯ ವಿಷಯ. ಗಾರ್ಮೆಂಟಿನಲ್ಲಿ ರಿಜೆಕ್ಟ್ ಆದ ಅಂಗಿಗೂ ಫುಟ್‌ಪಾತಿನಲ್ಲಿ ಗಿರಾಕಿಯಿದ್ದಾನೆ. ‘ಎಕ್ಸ್‌ಪೋರ್ಟ್ ಮಾಲು’ ಎಂದು ಕೂಗಿದರೆ ಸಾಕು. ಎರಡು ಬುಟ್ಟಿ ಹೊತ್ತು ಮಡಕಶಿರದ ಸಂತೆಯಲ್ಲಿ ಕೂತು ಹಾಗೆಯೇ ಕೂಗಿದೆ. ಒಬ್ಬ ಮುದುಕ ಒಂದು ಹಣ್ಣು ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದು, ಸಿಪ್ಪೆಯನ್ನೊಮ್ಮೆ, ಬೀಜವನ್ನೊಮ್ಮೆ ಬೇರೆಬೇರೆಯಾಗಿ ಉಗಿದ. “ಎಕ್ಸ್‌ಪೋರ್ಟ್ ಮಾಡೋದೇ ವಾಸಿ ಬಿಡಪ್ಪಾ, ನಮ್ಮೂರಾಗೆ ಯಾಕೆ ಇಟ್ಕೊಂಡಿದ್ದೀಯ?” ಎಂದ. ಜಗಲಿಯ ಉಪನ್ಯಾಸದಲ್ಲಿ ನಾನು ಹೇಳದೆ ಬಿಟ್ಟಿದ್ದ ಪಾಠ ಅದೇ: ವೈನಿನ ದ್ರಾಕ್ಷಿಗೆ ಲೋಕದಲ್ಲಿ ಇರುವುದು ಒಬ್ಬನೇ ಗಿರಾಕಿ. ಅವನು ಬೇಡ ಎಂದರೆ ಕುರಿಯೊಂದೇ ಗತಿ. ಕುರಿಗಳು ತಿಂದವು, ಅವಕ್ಕೆ ಬೀಜದ ತಕರಾರಿರಲಿಲ್ಲ.

ಊರಿನಲ್ಲಿ ಇನ್ನೂ ನಾಲ್ಕು ಮನೆಯವರದ್ದು ಇದೇ ಕಥೆ. ಎಲ್ಲರೂ ಅತ್ತೆಯ ಜಗಲಿಯಲ್ಲಿ ಸೇರಿದರು. ಗೊಂಚಲು ಕತ್ತರಿಸಬೇಕೆಂದು ತಾವು ಮೊದಲೇ ಹೇಳಿದ್ದಾಗಿ ಸಾಹೇಬರು ವಾದಿಸಿದ್ದು ಲಾರಿಯ ಡ್ರೈವರನ ಬಾಯಿಂದ ಅವರಿಗೆ ಗೊತ್ತಾಗಿತ್ತು. ಒಬ್ಬ ನನ್ನ ಕಡೆ ನೋಡುವುದರೊಳಗೆ ಅತ್ತೆ ಎದ್ದು ನಿಂತಳು. “ಆ ಮೀಸೆಯೋನು ಸುಳ್ಳು ಬೊಗಳ್ತಾನೆ. ಯೋಳಿದ್ರೆ ನಮ್ಮುಡುಗ ಯೋಳ್ತಿರ್ಲಿಲ್ವಾ? ಪಕ್ಕದಾಗೇ ನಿಂತಿದ್ನಲ್ಲ!” ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತಿದ್ದೆ. ಅಲ್ಲಿಗೂ ಮುಗಿಯಲಿಲ್ಲ. ಸಾಹೇಬರ ಮೇಲೆ ಕಂಪನಿಗೆ ಅರ್ಜಿ ಹೋಗಬೇಕು, ಇಂಗ್ಲಿಷಿನಲ್ಲಿ ಹೋಗಬೇಕು ಎಂದಾಯಿತು. ಊರಿನಲ್ಲಿ ಇಂಗ್ಲಿಷ್ ಬರೆಯುವವನು ಯಾರಿದ್ದ? ನಾನೇ ಬರೆದೆ. ‘ಈ ಮುಖ್ಯ ವಿಷಯವನ್ನು ರೈತರಿಗೆ ತಿಳಿಸಲೇ ಇಲ್ಲ’ ಎಂದು ಬರೆದೆ. ಯಾರು ತಿಳಿಸಲಿಲ್ಲ ಎಂಬುದನ್ನು ವಾಕ್ಯದಲ್ಲಿ ಬಿಟ್ಟಿದ್ದೆ, ಆದ್ದರಿಂದ ಅದು ಸುಳ್ಳಲ್ಲ ಎಂದು ಎರಡು ದಿನ ಸಮಾಧಾನವಾಗಿತ್ತು. ಮೂರನೆಯ ದಿನ ಹೆಂಡತಿ ಕೇಳಿದಳು, “ಯಾಕ್ರಿ, ಊಟ ಸೇರವಲ್ತೇನು?”

ಮರುವರ್ಷ ಮೀಸೆಯ ಸಾಹೇಬರು ಬರಲಿಲ್ಲ. ನಮ್ಮ ಅರ್ಜಿಯ ಮೇಲೆ ಅವರನ್ನು ಎಲ್ಲಿಗೋ ಎತ್ತಿಹಾಕಿದ್ದಾರೆ ಎಂದರು. ಬಂದದ್ದು ಪುಣೆಯ ಕಡೆಯ ಒಬ್ಬ ಹುಡುಗಿ. ಅದೇ ಡೇರಿ, ಅದೇ ಜನ, ಪಕ್ಕದಲ್ಲಿ ಅದೇ ನಾನು. ಈ ಸಲ ಆಕೆ ಕೆಮ್ಮಿದ್ದನ್ನೂ ಬಿಡದೆ ದಾಟಿಸಿದೆ. ಅರ್ಧ ಗೊಂಚಲು ಕತ್ತರಿಸಬೇಕಂತೆ ಎಂದಾಗ ಯಾರೂ ನಗಲಿಲ್ಲ. ಅತ್ತೆ, “ನೋಡು, ಈ ಮೇಡಮ್ಮ ಎಲ್ಲಾ ಬಿಡಿಸಿ ಯೋಳ್ತಾಳೆ. ಆ ಮೀಸೆಯೋನು ಒಳಗೇ ಇಟ್ಕೊಂಡ” ಎಂದಳು. ಏನೆಂದರು ಎಂದು ಮೇಡಂ ನನ್ನನ್ನು ಕೇಳಿದರು. ಆಗ, ಅಷ್ಟು ಜನರ ನಡುವೆ, ನಾನು ಎಲ್ಲವನ್ನೂ ಒಪ್ಪಿಕೊಂಡೆ. ಇಂಗ್ಲಿಷಿನಲ್ಲಿ. ಹೋದ ವರ್ಷದ ಸಾಹೇಬರು ಹೇಳಿದ್ದರು, ನಾನೇ ಹೇಳಲಿಲ್ಲ ಎಂದೆ. ಆಕೆ, ಅರ್ಜಿ ಬರೆದವರು ನೀವೇ ಅಲ್ಲವೇ, ಇದನ್ನೂ ಅಷ್ಟೇ ಸ್ಪಷ್ಟವಾಗಿ ಬರೆದು ಕಂಪನಿಗೆ ಕಳಿಸಿ, ಆ ಸಾಹೇಬರ ಹೆಸರಾದರೂ ಉಳಿಯಲಿ ಎಂದರು. “ಏನಂದ್ಲೋ?” ಎಂದಳು ಅತ್ತೆ. “ಏನಿಲ್ಲತ್ತೆ, ಕತ್ತರಿಸಲೇಬೇಕಂತೆ” ಎಂದೆ.

ಕತ್ತರಿಸಲು ಅತ್ತೆಗೆ ಕೈ ಬರಲಿಲ್ಲ. ದಾರ ಕತ್ತರಿಸುವ ನಮ್ಮ ಪುಟ್ಟ ಟ್ರಿಮ್ಮರ್ ತಂದು ನಾನೇ ಸಾಲುಸಾಲು ಕತ್ತರಿಸಿದೆ. ಅವಳು ಹಿಂದೆಯೇ ಬಂದು ಬಿದ್ದ ಗೊಂಚಲುಗಳನ್ನು ಕುರಿಗಳಿಗೆಂದು ಮಡಿಲಿಗೆ ತುಂಬಿಕೊಳ್ಳುತ್ತಿದ್ದಳು. “ಆ ಮೀಸೆಯೋನಿಗೂ ಎಂಡ್ರು ಮಕ್ಕಳು ಇರ್ತಾರೆ. ಒಂದು ಮಾತು ಯೋಳಿದ್ರೆ ಅವ್ನ ಗಂಟೇನು ಓಗ್ತಿತ್ತು?” ಎಂದಳು. ನಾನು ಕತ್ತರಿಸುತ್ತಾ ಹೋದೆ. ಎಣಿಕೆ ತಪ್ಪಿ ಕತ್ತರಿಸಿದ್ದರಿಂದ ಆ ಸಲ ಮೂರು ಸಾಲಿನಲ್ಲಿ ಗೊಂಚಲು ಬೇಕಾದ್ದಕ್ಕಿಂತ ಕಡಿಮೆ ಉಳಿದವು. ಉಳಿದದ್ದು ಸಿಹಿಯಾಯಿತು, ಲಾರಿ ತುಂಬಿಕೊಂಡೇ ಹೋಯಿತು. ಅತ್ತೆ ಅದಕ್ಕೂ ನನ್ನನ್ನೇ ಹೊಗಳಿದಳು.

ಕಂಪನಿಗೆ ಪತ್ರವನ್ನು ನಾನಿನ್ನೂ ಬರೆದಿಲ್ಲ. ಎಷ್ಟೋ ಸಲ ಕಾಗದ ತೆಗೆದರೂ ಮೊದಲ ಸಾಲಿಗೇ ಪಾವಗಡದ ಬಸ್ಸು ಬಂದು ಅಡ್ಡ ನಿಲ್ಲುತ್ತದೆ. “ಹೆಂಗಾರ ಬರೀರಿ, ಮೊದಲು ಹೊಟ್ಟ್ಯಾಗಿಂದು ಹೊರಗ ಹಾಕ್ರಿ” ಎಂದು ಹೆಂಡತಿ ಗದರಿದ್ದಕ್ಕೆ ಈಗ ಇದನ್ನು ಪೂರ್ತಿ ಬರೆದು ಅಚ್ಚಿಗೆ ಕೊಡುತ್ತಿದ್ದೇನೆ. ಒಂದು ಮಾತನ್ನೂ ನುಂಗಿಲ್ಲ. ಕಂಪನಿಯವರಿಗೆ ಬರುವುದು ಇಂಗ್ಲಿಷು. ಅತ್ತೆಗೆ ಓದಲು ಬರುವುದು ತೆಲುಗು. ಅದಕ್ಕೇ ಧೈರ್ಯ ಮಾಡಿ, ಕನ್ನಡದಲ್ಲಿ ಬರೆದಿದ್ದೇನೆ.