ಕೂತು ಕತ್ತರಿಸಿದ ಅಕ್ಕ

ಬೆಳಿಗ್ಗೆ ಬರುವಷ್ಟರಲ್ಲಿ ಕತ್ತರಿಯಕ್ಕನ ಕನ್ನಡಿಗೆ ಚೀಟಿಯೊಂದು ಅಂಟಿತ್ತು: ‘ಇಂದಿನಿಂದ ನಿಮ್ಮ ಕುರ್ಚಿಗೆ ನೀವೇ ಒಡೆಯರು. ಕೆಲಸ ಹೇಗೆಂಬ ತೀರ್ಮಾನ ನಿಮ್ಮದೇ.’ ಸಲೂನಿನ ಒಡತಿ ಎರಡು ದಿನ ತರಬೇತಿಗೆ ಹೋಗಿ ಬಂದ ಫಲವದು.

ಅಕ್ಕ ಹತ್ತೊಂಬತ್ತು ವರ್ಷದಿಂದ ದಿನಕ್ಕೆ ಹತ್ತು ಗಂಟೆ ನಿಂತವಳು. ಗಿರಾಕಿ ಕೂರಬೇಕು, ಕೆಲಸದವಳು ನಿಲ್ಲಬೇಕು. ಈ ಕಟ್ಟಳೆಯನ್ನು ಯಾರೂ ಬರೆದಿರಲಿಲ್ಲ, ಯಾರೂ ಮುರಿದಿರಲೂ ಇಲ್ಲ. ಸಂಜೆಗೆ ಕಾಲು ಕಂಬದಂತೆ ಊದುತ್ತಿತ್ತು. ಅವಳಿಗೆ ಬೇಕಿದ್ದುದು ಒಡೆತನವಲ್ಲ, ಕೂರಲು ಗೇಣಗಲ ಜಾಗ.

ಕೂದಲು ತೊಳೆಯುವ ಮೂಲೆಯಿಂದ ಸ್ಟೂಲು ಎಳೆತಂದು, ನಿವೃತ್ತ ಟೀಚರಮ್ಮನ ಬೆನ್ನ ಹಿಂದೆ ಕೂತೇಬಿಟ್ಟಳು.

“ಏನಕ್ಕಾ ಇದು!” ಎಂದು ಪಕ್ಕದ ಕುರ್ಚಿಯ ಡ್ರೈಯರ್ ಚೀರಿದಳು. ಬಾಯಲ್ಲಿ ಸದಾ ಬಿಸಿಗಾಳಿ. ಅದಕ್ಕೇ ಆ ಹೆಸರು. “ಮೇಡಂ ನೋಡಿದ್ರೆ ಮನೆಗೆ ಕಳಿಸ್ತಾರೆ!”

“ಚೀಟಿ ಓದೇ. ತೀರ್ಮಾನ ನಂದಂತೆ.”

ಆಮೇಲೆ ನಡೆದದ್ದು ಸೋಜಿಗ. ಇಷ್ಟು ವರ್ಷ ಮೇಲಿನಿಂದ ಕಂಡಿದ್ದ ಕತ್ತು ಮೊದಲ ಸಲ ಕಣ್ಣಿನ ನೇರಕ್ಕೆ ಬಂದಿತ್ತು. ಸುಳಿ ಎಲ್ಲಿ ತಿರುಗುತ್ತದೆ, ಕೂದಲು ಎತ್ತ ವಾಲುತ್ತದೆ, ಎಲ್ಲವೂ ದಡದಲ್ಲಿ ಕೂತು ಹೊಳೆ ನೋಡಿದಂತೆ ಕಂಡಿತು. ನೋವಿಲ್ಲದ ಕಾಲಿನ ಬಲವೆಲ್ಲ ಕೈಗೇರಿತು. ಸಲೂನಿನವರೆಲ್ಲ ಕೈಕೆಲಸ ಬಿಟ್ಟು ಸುತ್ತ ನೆರೆದರು. ಡ್ರೈಯರ್ ಕೂಡ ಆಫ್ ಆದಳು.

ಟೀಚರಮ್ಮ ಕನ್ನಡಿ ಮುಟ್ಟಿ ನೋಡಿದರು. “ಇದು ನನ್ನ ತಲೇನೇನಮ್ಮಾ? ಅರವತ್ತು ವರ್ಷ ಹೊತ್ಕೊಂಡು ತಿರುಗಿದೀನಿ, ಇಷ್ಟು ಚೆನ್ನಾಗಿದೆ ಅಂತ ಒಬ್ರೂ ಹೇಳ್ಲಿಲ್ವಲ್ಲ!”

“ನಂಗೂ ಕೂತೇ ಕತ್ತರಿಸಿ!” ಎನ್ನುವ ಗಿರಾಕಿಗಳ ಸಾಲು ಬಾಗಿಲು ದಾಟಿತು. ಎದುರಂಗಡಿಯ ಟೈಲರ್ ಬಂದು ಇಣುಕಿ, “ನಾನೂ ಜೀವಮಾನವೆಲ್ಲ ಕೂತೇ ಹೊಲ್ದೆ, ನನ್ನನ್ಯಾರೂ ಹಿಂಗೆ ನೋಡ್ಲಿಲ್ಲ” ಎಂದು ನಿಟ್ಟುಸಿರಿಟ್ಟ.

ಅಷ್ಟರಲ್ಲಿ ಒಡತಿ ಬಂದರು. ಅಕ್ಕ ಏಳಲಿಲ್ಲ.

ಒಡತಿ ಒಂದಿಡೀ ತಲೆ ಮುಗಿಯುವವರೆಗೂ ಕಣ್ಣು ಮಿಟುಕಿಸಲಿಲ್ಲ. “ಇಂಥಾ ಕೈನ ಇಷ್ಟು ವರ್ಷ ನಿಲ್ಲಿಸಿಟ್ಟೆನಲ್ಲೇ!” ಎಂದು ಮೂಗೊರೆಸಿಕೊಂಡು ಆಗಲೇ ಫೋನು ಮಾಡಿದರು. ಮಧ್ಯಾಹ್ನಕ್ಕೆ ಐದು ಮೆತ್ತನೆಯ ಸ್ಟೂಲು ಬಂದಿಳಿದವು. ಅಕ್ಕ ಕೂತಿದ್ದ ಹಳೆಯದನ್ನು ಒರೆಸಿ, ‘ಯಾರೂ ಕೂರಬಾರದು’ ಎಂದು ಬರೆದು, ಬೀದಿಗೆ ಕಾಣುವಂತೆ ಗಾಜಿನ ಹಿಂದಿಟ್ಟರು.

“ಮೇಡಂ, ನಾವು ಆರು ಜನ…” ಎಂದಳು ಅಕ್ಕ.

“ನೀನು ಇವತ್ತಿಂದ ಮೇಲ್ವಿಚಾರಕಿ! ಎಲ್ಲರ ಹಿಂದೇನೂ ಓಡಾಡಿ ಕೂತು ಕತ್ತರಿಸೋದು ಕಲಿಸ್ಬೇಕು. ಓಡಾಡೋಳಿಗೆ ಸ್ಟೂಲ್ಯಾಕೆ?”

ಎಲ್ಲರೂ ಚಪ್ಪಾಳೆ ತಟ್ಟಿದರು. ಐವರೂ ಕೂತರು. ಅಕ್ಕ ಡ್ರೈಯರಳ ಬೆನ್ನ ಹಿಂದೆ ನಿಂತಳು.

“ಅಕ್ಕಾ, ಒಂಚೂರು ಪಕ್ಕಕ್ಕೆ ನಿಂತ್ಕೊಳ್ಳೇ, ಬೆಳಕಿಗೆ ಅಡ್ಡ ಬರ್ತೀಯ.”